ನಿಜ ಹೇಳಲು ಹೆದರದ ಆಸ್ಪತ್ರೆ

(ಸಕಲೇಶಪುರದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ‘ಕಾಯಕ ಮತ್ತು ನಂಬಿಕೆ’ ಎಂಬ ವಿಷಯ ಕೊಟ್ಟು ನೀವೇ ಮಾತಾಡಬೇಕು ಎಂದು ಶ್ರೀಗಳವರು ಹೇಳಿದಾಗ ನಾನು ಒಂದು ಅರಿಕೆ ಮಾಡಿಕೊಂಡೆ. ವಚನಗಳನ್ನು ವಿವರಿಸುವ ವಿದ್ವತ್ತು ನನ್ನಲ್ಲಿಲ್ಲ. ಅದನ್ನು ಬಲ್ಲವರು ಈ ಸಭೆಯಲ್ಲೇ ಬಹಳ ಜನ ಇದ್ದೀರಿ. ನನಗೆ ಗೊತ್ತಿರುವುದು ಈ ಎರಡು ತಾಲ್ಲೂಕುಗಳ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು. ಅಲ್ಲಿ 34 ವರ್ಷ ಕೆಲಸ ಮಾಡಿದ್ದೇನೆ. ಕೆಲಸ ಮಾಡಿಸುವವರಿಗೂ ಮಾಡುವವರಿಗೂ ನಡುವೆ ನಂಬಿಕೆ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ ಎಂದೆ. ಶ್ರೀಗಳವರು, ‘ಅದೇ ಬೇಕಿರುವುದು ತಾಯಿ’ ಎಂದರು.

ಮೊದಲಿಗೆ ನಮ್ಮ ಗುಡ್ಡಗಾಡಿನ ಮಾತು. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಎಂಬುದು ಸರ್ಕಾರದ ಲೆಕ್ಕ. ಕಾಗದದ ಮೇಲೆ ನಮ್ಮ ನರ್ಸಮ್ಮನಿಗೆ ಕೆಲಸ ಕಡಿಮೆ ಎಂದೇ ಕಾಣುತ್ತದೆ. ಆದರೆ ಆ 3,000 ಜನ ಎಲ್ಲಿದ್ದಾರೆ? ತೋಟದ ತುದಿಗೆ ನಾಲ್ಕು ಮನೆ, ಹೊಳೆಯಾಚೆ ಆರು ಮನೆ, ಲೈನ್ ಮನೆಗಳಲ್ಲಿ ಇಪ್ಪತ್ತು ಸಂಸಾರ, ಮತ್ತೆ ಒಂದು ಗುಡ್ಡ ಹತ್ತಿ ಇಳಿದರೆ ಎರಡು ಮನೆ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಗಾಜಿನ ಕೋಣೆಯಲ್ಲಿ ಕೂತು ನೂರು ಜನರ ಕೈ ನೋಡಬಹುದು. ನಮ್ಮಲ್ಲಿ ವೈದ್ಯಾಧಿಕಾರಿಗೆ ಕಾಣುವುದು ಸಿಬ್ಬಂದಿಯ ಕೈಯಲ್ಲ, ಅವರು ಬರೆದ ರಿಜಿಸ್ಟರ್. ಆಕೆ ಆ ಮನೆಗೆ ಹೋದಳೋ ಇಲ್ಲವೋ, ಮಗುವನ್ನು ತೂಗಿದಳೋ ಇಲ್ಲವೋ, ಆಕೆ ಬರೆದಂತೆ. ಹಾಗಾಗಿ ಆರೋಗ್ಯ ಇಲಾಖೆಯಲ್ಲಿ ನಂಬಿಕೆ ಎಂದರೆ ಸಿಬ್ಬಂದಿ ಒಬ್ಬರಿಗೊಬ್ಬರು ಚೆನ್ನಾಗಿರುವುದು, ರಜೆ ಕೇಳಿದಾಗ ಕೊಡುವುದು, ಬೀಳ್ಕೊಡುಗೆಗೆ ಶಾಲು ಹೊದಿಸುವುದು, ಇಷ್ಟೇ ಅಲ್ಲ. ಇವೆಲ್ಲ ಒಳ್ಳೆಯವೇ. ಆದರೆ ನಾನು ಒಂದು ಕೇಂದ್ರಕ್ಕೆ ಕಾಲಿಟ್ಟರೆ ನೋಡುತ್ತಿದ್ದುದು ಬೇರೆ: ಇಲ್ಲಿ ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆಯೇ, ಅಥವಾ ನಡುವೆ ಎಲ್ಲೋ ಯಾರದೋ ಕೈಯಲ್ಲಿ ಒಳ್ಳೆಯ ಸುದ್ದಿಯಾಗಿ ಬದಲಾಗುತ್ತದೆಯೇ?

ಒಂದು ಪುಸ್ತಕದ ವಿಷಯ ಹೇಳುತ್ತೇನೆ. ಮಕ್ಕಳಿಗೆ ಹಾಕುವ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗಿನ ತಂಪಿನಲ್ಲಿ ಇಡಬೇಕು. ಅದಕ್ಕೆಂದೇ ಐ.ಎಲ್.ಆರ್. ಎಂಬ ಪೆಟ್ಟಿಗೆಯಂಥ ಫ್ರಿಡ್ಜ್ ಇರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದರೊಳಗಿನ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ಕರೆಂಟು ಹೋದಾಗ ಮುಚ್ಚಳ ತೆಗೆಯದಿದ್ದರೆ ಅದು ಸಾಕಷ್ಟು ಹೊತ್ತು ತಂಪು ಹಿಡಿದುಕೊಳ್ಳುತ್ತದೆ. ಆದರೆ ನಮ್ಮ ಆಷಾಢದ ಮಳೆ ನಿಮಗೆ ಗೊತ್ತು. ಸಿಲ್ವರ್ ಮರ ಬಿದ್ದು ತಂತಿ ಕಡಿದರೆ ಲೈನ್‌ಮನ್ ಬರುವುದೇ ಮೂರನೆಯ ದಿನ. ಅದು ಅವನ ತಪ್ಪೂ ಅಲ್ಲ, ಅವನಿಗೂ ಹತ್ತು ಊರು.

ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ, ಊರಿನ ಹೆಸರು ಬೇಡ, ಅಂಥ ಒಂದು ಮಳೆಗಾಲದಲ್ಲಿ ಗುತ್ತಿಗೆಯ ಮೇಲಿದ್ದ ಒಬ್ಬ ಹುಡುಗಿ ಕಂಡದ್ದನ್ನು ಕಂಡಂತೆ ಬರೆದಳು. ಸಂಜೆ 9 ಡಿಗ್ರಿ, ಮರುದಿನ ಬೆಳಿಗ್ಗೆ 11. ಫೋನು ಮಾಡಲು ಸಿಗ್ನಲ್ ಇರಲಿಲ್ಲ. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ತಿಂಗಳ ಪರಿಶೀಲನಾ ಸಭೆಯಲ್ಲಿ ಮೇಲಿನ ಅಧಿಕಾರಿಯೊಬ್ಬರು ಆ ಪುಸ್ತಕವನ್ನು ಎತ್ತಿ ಹಿಡಿದು, ‘ಇದನ್ನು ಬರೆದವರು ಯಾರು, ಎದ್ದು ನಿಲ್ಲಿ’ ಎಂದರು. ಗಮನಿಸಿ: ಡೀಸೆಲ್ ತರಿಸಬೇಕಾದವರು ಯಾರು ಎಂದು ಕೇಳಲಿಲ್ಲ, ಬರೆದವರು ಯಾರು ಎಂದು ಕೇಳಿದರು. ಆ ಹುಡುಗಿಗೆ ಕರ್ತವ್ಯಲೋಪದ ನೋಟಿಸ್ ಬಂತು. ಅವಳ ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣವಾಗಬೇಕಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಓದುವ ತಮ್ಮ.

ಮುಂದಿನ ಮಳೆಗಾಲ ಅದೇ ಕೇಂದ್ರದಲ್ಲಿ ಐದು ದಿನ ಕರೆಂಟು ಇರಲಿಲ್ಲ. ಪುಸ್ತಕ ನೋಡಿದರೆ ಬೆಳಿಗ್ಗೆ 4, ಸಂಜೆ 5, ಬೆಳಿಗ್ಗೆ 4, ಸಂಜೆ 5. ಒಂದೇ ಪೆನ್ನು, ಒಂದೇ ಕೈ, ಒಂದೇ ಓರೆ. ಆ ತಿಂಗಳ ಸಭೆಯಲ್ಲಿ ಅದೇ ಪುಸ್ತಕಕ್ಕೆ ಶಹಬ್ಬಾಸ್ ಸಿಕ್ಕಿತು. ಲಸಿಕೆಯ ದಿನ ನಾನು ಉಪಕೇಂದ್ರದಿಂದ ಹೋಗಿ ಪೋಲಿಯೊ ಸೀಸೆ ತೆಗೆದು ನೋಡಿದೆ. ಸೀಸೆಯ ಮೇಲೆ ಒಂದು ಚಿಕ್ಕ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕದ ಬಣ್ಣ ಕಪ್ಪಾಗುತ್ತ ಹೋಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಬಳಸಬಾರದು. ಚೌಕ, ವೃತ್ತ ಎರಡೂ ಒಂದೇ ಬಣ್ಣವಾಗಿದ್ದವು. ಸೀಸೆಗಳನ್ನು ವಾಪಸು ಕೊಟ್ಟು ತಾಲ್ಲೂಕಿನಿಂದ ಬದಲಿ ತರಿಸಿಕೊಂಡೆವು. ಪುಸ್ತಕವನ್ನು ಮಾತ್ರ ನಂಬಿದ್ದರೆ ಆ ವಾರ ನಮ್ಮ ತೊಟ್ಟಿಲಿನ ಮಕ್ಕಳಿಗೆ ಬರೀ ನೀರಿನ ಹನಿ ಹಾಕಿದಂತೆ ಆಗುತ್ತಿತ್ತು. ತಾಯಂದಿರು ಕಾರ್ಡಿನಲ್ಲಿ ದಿನಾಂಕ ನೋಡಿ ಸಮಾಧಾನ ಪಡುತ್ತಿದ್ದರು.

ಇಲ್ಲಿ ಆ ಹುಡುಗಿಯನ್ನು ಸುಳ್ಳುಗಾರ್ತಿ ಎನ್ನುವುದು ಸುಲಭ. ಆ ಸುಳ್ಳಿಗೆ ಅವಳಿಗೆ ಪಾಠ ಹೇಳಿಕೊಟ್ಟವರು ಯಾರು ಎಂದು ಕೇಳುವುದು ಸ್ವಲ್ಪ ಕಷ್ಟ.

ಎರಡು ವರ್ಷದ ಮೇಲೆ ಅಲ್ಲಿಗೆ ಬೇರೆ ವೈದ್ಯಾಧಿಕಾರಿ ಬಂದರು. ಬಯಲು ಸೀಮೆಯವರು, ಚಿಕ್ಕ ವಯಸ್ಸು, ಇಂಬಳ ಕಂಡರೆ ಕುಣಿಯುತ್ತಿದ್ದರು. ಬಂದ ಮೊದಲ ಮಳೆಗಾಲಕ್ಕೇ ಎಲ್ಲರನ್ನೂ ಕೂರಿಸಿ ಹೇಳಿದರು: ‘ಕರೆಂಟು ಹೋಗಿ ಎರಡು ಗಂಟೆಯಾದರೆ ನನಗೆ ತಿಳಿಸಿ. ಫೋನು ಸಿಗದಿದ್ದರೆ ಮನೆಗೆ ಯಾರನ್ನಾದರೂ ಕಳಿಸಿ. ರಾತ್ರಿ ಎರಡಾದರೂ ಚಿಂತೆಯಿಲ್ಲ.’ ಇಂಥ ಮಾತನ್ನು ಎಲ್ಲ ಅಧಿಕಾರಿಗಳೂ ಆಡುತ್ತಾರೆ. ಸಿಬ್ಬಂದಿ ಕಾಯುವುದು ಮೊದಲ ಸಲ ಕೆಟ್ಟ ಸುದ್ದಿ ಬಂದಾಗ ಅವರ ಮುಖ ಹೇಗಾಗುತ್ತದೆ ಎಂದು ನೋಡಲು. ಮೊದಲ ಸುದ್ದಿ ಜುಲೈಯಲ್ಲಿ ಬಂತು. ಅದೇ ಹುಡುಗಿ, ನಡುಗುತ್ತ, ‘ಸರ್, ಒಂಬತ್ತಾಗಿದೆ’ ಎಂದಳು. ಅವರು ಮೊದಲು ಹೇಳಿದ್ದು, ‘ಹೇಳಿದ್ದು ಒಳ್ಳೆಯದಾಯಿತು.’ ಆಮೇಲೆ ಇಬ್ಬರೂ ಕೂತು ಒಂದೊಂದೇ ಸೀಸೆಯ ಚೌಕ ನೋಡಿದರು. ಒಳ್ಳೆಯವನ್ನು ಐಸ್‌ಪ್ಯಾಕ್ ಇಟ್ಟ ಪೆಟ್ಟಿಗೆಗೆ ತುಂಬಿ, ಡಾಕ್ಟರು ತಮ್ಮದೇ ಕಾರಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಸಾಗಿಸಿದರು. ಕೆಟ್ಟವನ್ನು ಲೆಕ್ಕ ಬರೆದು ಬೇರೆ ಇಟ್ಟರು. ಮೇಲಿನ ಕಚೇರಿಗೆ ಕಳಿಸಿದ ವರದಿಯಲ್ಲಿ ‘ನನ್ನ ಕೇಂದ್ರದಲ್ಲಿ ಡೀಸೆಲ್ ದಾಸ್ತಾನು ಇರಲಿಲ್ಲ’ ಎಂದು ತಮ್ಮ ಹೆಸರಿನಲ್ಲೇ ಬರೆದರು. ಆ ಒಂದು ವಾಕ್ಯಕ್ಕೆ ನಮ್ಮ ಸಿಬ್ಬಂದಿ ಅವರನ್ನು ಎಷ್ಟು ನಂಬಿದರೆಂದರೆ, ಆಮೇಲೆ ಅವರಿಂದ ಏನನ್ನೂ ಮುಚ್ಚಿಡಲಿಲ್ಲ. ಅವರಿದ್ದ ವರ್ಷ ತಾಲ್ಲೂಕಿನಲ್ಲೇ ಅತಿ ಹೆಚ್ಚು ದೋಷಗಳಿದ್ದ ಪುಸ್ತಕ ನಮ್ಮದು.

ಇದನ್ನು ಒಂದು ತರಬೇತಿಯಲ್ಲಿ ಹೇಳಿದಾಗ ಉಪನ್ಯಾಸಕರು ಅಮೆರಿಕದ ಒಂದು ಅಧ್ಯಯನದ ಮಾತು ತೆಗೆದರು. ಆಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರಂತೆ. ಒಳ್ಳೆಯ ಮೇಲ್ವಿಚಾರಕರಿರುವ ವಾರ್ಡಿನಲ್ಲಿ ತಪ್ಪು ಕಡಿಮೆ ಇರಬೇಕೆಂದು ಅವರ ಊಹೆ. ಬಂದ ಲೆಕ್ಕ ತಿರುಗುಮುರುಗು: ಅಲ್ಲಿಯೇ ಹೆಚ್ಚು ತಪ್ಪುಗಳು ವರದಿಯಾಗಿದ್ದವು. ತಪ್ಪು ಹೆಚ್ಚು ಆಗುತ್ತಿತ್ತೆಂದಲ್ಲ, ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಮ್ಮ ಇಲಾಖೆಯ ಪರಿಶೀಲನಾ ಸಭೆಗೆ ಆ ವಾರ್ಡುಗಳ ಲೆಕ್ಕ ಬಂದಿದ್ದರೆ ಅವುಗಳಿಗೇ ಮೊದಲು ನೋಟಿಸ್ ಹೋಗುತ್ತಿತ್ತು! ಈಗ ಫ್ರಿಡ್ಜ್‌ಗಳಿಗೆ ತಾಪ ಅಳೆಯುವ ಯಂತ್ರ ಕೂರಿಸಿದ್ದಾರೆ, ತಾನಾಗಿಯೇ ಸಂದೇಶ ಕಳಿಸುತ್ತದೆ. ಯಂತ್ರಕ್ಕೆ ಇನ್‌ಕ್ರಿಮೆಂಟ್ ತಡೆಯುವ ಭಯವಿಲ್ಲ, ಅದಕ್ಕೇ ನಿಜ ಹೇಳುತ್ತದೆ. ಒಳ್ಳೆಯದೇ. ಆದರೆ ಬಾಣಂತಿಗೆ ಜ್ವರ ಬಂದಿದೆ, ಗಂಡ ಹೊಡೆಯುತ್ತಾನೆ, ಮನೆಯಲ್ಲಿ ಅಕ್ಕಿಯಿಲ್ಲ ಎಂದು ಸಂದೇಶ ಕಳಿಸುವ ಯಂತ್ರ ಇನ್ನೂ ಬಂದಿಲ್ಲ. ಅದನ್ನು ತಿಳಿಸುವವಳು ಆಶಾ.

ಆಶಾ ಕಾರ್ಯಕರ್ತೆಯ ಮಾತಿಗೆ ಬರೋಣ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಈ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲಿ ಸುಮಾರು 42,000 ಇದ್ದಾರೆ. ಅವರನ್ನು ನೌಕರರು ಎನ್ನುವುದಿಲ್ಲ, ಸ್ವಯಂಸೇವಕಿಯರು ಎನ್ನುತ್ತಾರೆ. ಬರುವುದು ಸಂಬಳವಲ್ಲ, ಒಂದಿಷ್ಟು ಗೌರವಧನ, ಉಳಿದದ್ದು ಕೆಲಸಕ್ಕೆ ಇಷ್ಟು ಎಂಬ ಪ್ರೋತ್ಸಾಹಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ನಮ್ಮ ಹೋಬಳಿಯ ಒಬ್ಬಾಕೆ ಆ ಸುದ್ದಿ ಕೇಳಿ, ‘ಅಕ್ಕಾ, ಮೂರು ತಿಂಗಳ ದುಡ್ಡು ಬಂದಿಲ್ಲ, ಅದನ್ನು ಆ ಸಂಸ್ಥೆಯವರಿಗೆ ಹೇಳಬಹುದಾ?’ ಎಂದು ಕೇಳಿದಳು. ತಮಾಷೆಗೇ ಕೇಳಿದ್ದು. ನನಗೆ ನಗಲು ಆಗಲಿಲ್ಲ.

ಹೆರಿಗೆಯಾಗಿ ಮನೆಗೆ ಬಂದ ಬಾಣಂತಿ ಮತ್ತು ಮಗುವನ್ನು ಆಶಾ 3, 7, 14, 21, 28 ಮತ್ತು 42ನೆಯ ದಿನ ಹೋಗಿ ನೋಡಬೇಕು. ಎಲ್ಲ ಭೇಟಿಗಳೂ ಮುಗಿದು, ತೂಕ ದಾಖಲಾಗಿ, ಲಸಿಕೆ ಆದಮೇಲೆ 250 ರೂಪಾಯಿ. ಆರು ಸಲ ಗುಡ್ಡ ಹತ್ತಿ ಇಳಿದದ್ದಕ್ಕೆ 250. ಇರಲಿ. ಈಗ ಹದಿನಾಲ್ಕನೆಯ ದಿನ ಆ ದಾರಿಯಲ್ಲಿ ಆನೆ ಇದೆ ಎಂದುಕೊಳ್ಳಿ. ಸಕಲೇಶಪುರ, ಆಲೂರು ಕಡೆಯ ಆನೆಯ ವಿಷಯ ನಾನು ನಿಮಗೆ ಹೇಳಬೇಕೇ? ಇಂಥ ತೋಟದ ಹತ್ತಿರ ಗುಂಪು ಇದೆ ಎಂದು ಅರಣ್ಯ ಇಲಾಖೆಯ ಸಂದೇಶ ಬಂದರೆ ನಾವು ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ, ಆಳುಗಳು ಕಾಫಿ ಹಣ್ಣು ಕೊಯ್ಯಲು ಬರುವುದಿಲ್ಲ. ಆಶಾ ಏನು ಮಾಡಬೇಕು? ಅವಳ ಫಾರಂನಲ್ಲಿ ‘ಭೇಟಿ ಆಗಿದೆ’, ‘ಭೇಟಿ ಆಗಿಲ್ಲ’ ಎಂಬ ಎರಡೇ ಮನೆಗಳಿವೆ. ‘ಆನೆ’ ಎಂಬ ಮನೆ ಇಲ್ಲ. ಆಗಿಲ್ಲ ಎಂದು ಬರೆದರೆ 250 ರೂಪಾಯಿಯೂ ಹೋಯಿತು, ಸಭೆಯಲ್ಲಿ ಮರ್ಯಾದೆಯೂ ಹೋಯಿತು. ಆಗಿದೆ ಎಂದು ಬರೆದರೆ ಎಲ್ಲರಿಗೂ ಸಂತೋಷ, ಆಶಾಗೆ, ನರ್ಸಮ್ಮನಿಗೆ, ಡಾಕ್ಟರಿಗೆ, ತಾಲ್ಲೂಕಿಗೆ, ಜಿಲ್ಲೆಗೆ. ಮಗುವನ್ನು ಮಾತ್ರ ಆ ದಿನ ಯಾರೂ ನೋಡಿಲ್ಲ.

ನಾನು ಮೇಲ್ವಿಚಾರಕಿಯಾದ ಮೇಲೆ ನಮ್ಮ ಆಶಾಗಳಿಗೆ ಹೇಳಿದ್ದೆ: ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಆನೆ’ ಎಂದು ಬರೆಯಿರಿ, ಮರುದಿನವೋ ಅದರ ಮರುದಿನವೋ ಹೋದ ದಿನಾಂಕವನ್ನು ಅದರ ಕೆಳಗೆ ಬರೆಯಿರಿ, ನಾನು ಸಹಿ ಹಾಕುತ್ತೇನೆ, ದುಡ್ಡು ಕೊಡಿಸುವುದು ನನ್ನ ಜವಾಬ್ದಾರಿ. ವೈದ್ಯಾಧಿಕಾರಿಯವರೂ ಒಪ್ಪಿದರು. ಮಳೆಗಾಲದಲ್ಲಿ ಅಂಚಿಗೆ ‘ಹೊಳೆ’ ಬಂತು, ‘ರಸ್ತೆ ಕುಸಿದಿದೆ’ ಬಂತು. ಒಂದು ಸಲ ‘ನನಗೇ ಜ್ವರ’ ಎಂದೂ ಬಂತು. ಆ ಅಂಚುಗಳನ್ನು ಓದಿದರೆ ಯಾವ ಹಾದಿಯಲ್ಲಿ ಯಾವ ತಿಂಗಳು ಬಾಣಂತಿಯರನ್ನು ಮುಂಚೆಯೇ ರಸ್ತೆ ಬದಿಯ ನೆಂಟರ ಮನೆಗೆ ಕರೆತರಬೇಕು ಎಂಬುದು ತಾನಾಗಿ ಗೊತ್ತಾಗುತ್ತಿತ್ತು. ಫಾರಂ ತುಂಬಿಸಿದ್ದರೆ ಅದು ತಿಳಿಯುತ್ತಿರಲಿಲ್ಲ.

ಈಗ ಫಾರಂ ಕಂಪ್ಯೂಟರಿಗೆ ಹೋಗಿದೆ. ಪೋರ್ಟಲ್‌ನಲ್ಲಿ ಅಂಚೇ ಇಲ್ಲ. ಆರ್‌ಸಿಎಚ್ ಪೋರ್ಟಲ್‌ನಲ್ಲಿ ಬೇರೆ ಯಾರೋ ಡೇಟಾ ತುಂಬುವುದು ತಡವಾದರೆ, ತಪ್ಪಾದರೆ, ಕೆಲಸ ಮಾಡಿದವಳ ದುಡ್ಡು ನಿಲ್ಲುತ್ತದೆ. ಪ್ರೋತ್ಸಾಹಧನವನ್ನು ಪೋರ್ಟಲ್‌ನಿಂದ ಬಿಡಿಸಿ ಎಂದು ನಮ್ಮ ಆಶಾಗಳು ವರ್ಷಗಳಿಂದ ಕೇಳುತ್ತಿದ್ದಾರೆ. 2020ರ ಜುಲೈಯಲ್ಲಿ, ಕೊರೊನಾ ನಡುವೆಯೇ, ಕೆಲಸ ನಿಲ್ಲಿಸಿ ತಿಂಗಳಿಗೆ 12,000 ರೂಪಾಯಿ ಕೇಳಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ 15,000 ಕೇಳಿದರು. ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆಂದು ಸರ್ಕಾರ ಮಾತು ಕೊಟ್ಟಿತು. ಮಾತು ಆದೇಶವಾಗಿ ಬರಲಿಲ್ಲವೆಂದು ಅದೇ ವರ್ಷ ಮತ್ತೆ ಬೀದಿಗಿಳಿದರು. ಸರ್ಕಾರಕ್ಕೆ ಅದರ ಕಷ್ಟಗಳು ಇರಬಹುದು. ಆದರೆ ದುಡಿದವರ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡದವರು ಅವರಿಂದ ಹೊತ್ತಿಗೆ ಸರಿಯಾದ ಲೆಕ್ಕ ಕೇಳುವಾಗ ಧ್ವನಿ ಸ್ವಲ್ಪ ತಗ್ಗಿಸಬೇಕು.

ಮೇಲಿನವರು ಎಂದರೆ ಬರೀ ದರ್ಪದವರು ಎಂದು ತಿಳಿಯಬೇಡಿ. ಅವರ ಮೇಲೂ ಯಾರೋ ಇರುತ್ತಾರೆ. 2020ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಎಸ್.ಆರ್. ನಾಗೇಂದ್ರ ಅವರು ತಮ್ಮ ಜೀವವನ್ನೇ ಕಳೆದುಕೊಂಡರು. ಕೊರೊನಾ ಪರೀಕ್ಷೆಯ ದಿನದ ಗುರಿ ಮುಟ್ಟಲೇಬೇಕೆಂಬ ಒತ್ತಡವೇ ಕಾರಣವೆಂದು ಅವರ ಮನೆಯವರೂ ಸಹೋದ್ಯೋಗಿಗಳೂ ಆರೋಪಿಸಿದರು. ಮೈಸೂರು ಜಿಲ್ಲೆಯ ಸರ್ಕಾರಿ ವೈದ್ಯರು ಕೆಲಸ ನಿಲ್ಲಿಸಿದರು, ಸರ್ಕಾರ ವಿಚಾರಣೆಗೆ ಆದೇಶಿಸಿತು. ಆ ದಿನಗಳಲ್ಲಿ ನಾವೂ ದಿನಕ್ಕೆ ಇಷ್ಟು ಪರೀಕ್ಷೆ ಎಂಬ ಸಂಖ್ಯೆ ಹಿಡಿದು ತೋಟ ತೋಟ ಅಲೆಯುತ್ತಿದ್ದವರೇ. ಆ ಸುದ್ದಿ ಬಂದ ದಿನ ನಮ್ಮ ಕೇಂದ್ರದಲ್ಲಿ ಮಧ್ಯಾಹ್ನ ಯಾರೂ ಬುತ್ತಿ ಬಿಚ್ಚಲಿಲ್ಲ. ಒಬ್ಬ ತಾಲ್ಲೂಕು ಅಧಿಕಾರಿಗೆ ‘ಇಂದು ಆಗಲಿಲ್ಲ’ ಎಂದು ಹೇಳುವ ಜಾಗ ಇಲ್ಲದಿದ್ದರೆ, ಅವರ ಕೆಳಗಿನ ಆಶಾಗೆ ಆ ಜಾಗ ಎಲ್ಲಿಂದ ಬರಬೇಕು?

ಇನ್ನು ತಾಯಿ ಮರಣದ ಪರಿಶೋಧನೆ. ಬಾಣಂತಿ ತೀರಿಕೊಂಡರೆ ಯಾಕೆ ಹೀಗಾಯಿತೆಂದು ಜಿಲ್ಲಾಧಿಕಾರಿಗಳ ಮಟ್ಟದವರೆಗೆ ವಿಚಾರ ಮಾಡುವ ವ್ಯವಸ್ಥೆ ಇದೆ. ಇದು ತಪ್ಪಿತಸ್ಥರನ್ನು ಹುಡುಕುವ ಸಭೆಯಲ್ಲ, ಮುಂದಿನ ಸಾವನ್ನು ತಪ್ಪಿಸುವ ಸಭೆ ಎಂದು ಮಾರ್ಗಸೂಚಿಯೇ ಹೇಳುತ್ತದೆ. ನಾನು ಒಮ್ಮೆ ಅಂಥ ಸಭೆಯಲ್ಲಿ ಇದ್ದೆ. ಯಾವ ವರ್ಷ, ಯಾವ ಕಚೇರಿ ಎಂಬುದು ಬೇಡ. ಮೊದಲ ಪ್ರಶ್ನೆಯೇ ‘ಇದು ಯಾರ ಏರಿಯಾ?’ ಎಂದು. ಆ ಪ್ರಶ್ನೆ ಬಿದ್ದ ಕ್ಷಣಕ್ಕೇ ಕೋಣೆಯಲ್ಲಿದ್ದ ಎಲ್ಲರೂ ತಮ್ಮ ತಮ್ಮ ರಕ್ಷಣೆಗೆ ನಿಂತರು. ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು ಎಂಬುದಕ್ಕೆ ಮೂರು ಸಮಯ ಸಿಕ್ಕವು. ರಕ್ತ ಇತ್ತೇ ಎಂಬುದಕ್ಕೆ ಎರಡು ಉತ್ತರ. ಒಬ್ಬ ತಾಯಿ ಸತ್ತಿದ್ದಳು, ನಾವು ಕಲಿತದ್ದು ಏನೂ ಇಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಹನಿ ಹನಿಯಾಗಿ ರಕ್ತನಾಳಕ್ಕೆ ಕೊಡುವ ದ್ರಾವಣದ ಮೇಲೆ ಅನುಮಾನ ಬಂತು. ಆ ಕಂಪನಿಯ ಕೆಲವು ಬ್ಯಾಚ್‌ಗಳ ಬಗ್ಗೆ ರಾಜ್ಯದ ಔಷಧ ಪರೀಕ್ಷೆಯಲ್ಲಿ ಅದಕ್ಕೂ ಮೊದಲೇ ಪ್ರಶ್ನೆ ಎದ್ದಿತ್ತು. ಆಮೇಲೆ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿ ಮರಣಗಳನ್ನು ಪರಿಶೋಧಿಸಿತು. ಅವುಗಳಲ್ಲಿ ಶೇ 70ರಷ್ಟು ತಪ್ಪಿಸಬಹುದಾಗಿದ್ದವು ಎಂದು ವರದಿ ಬಂತು. ದ್ರಾವಣದ ವಿಷಯವನ್ನು ತಜ್ಞರು ಹೇಳಲಿ. ನಾನು ನರ್ಸಮ್ಮನಾಗಿ ಯೋಚಿಸುವುದು ಬೇರೆ. ಡ್ರಿಪ್ ಹಾಕಿದ ಮೇಲೆ ರೋಗಿ ನಡುಗುವುದನ್ನು ಮೊದಲು ಕಾಣುವವಳು ರಾತ್ರಿ ಪಾಳಿಯ ನರ್ಸು. ಯಾವ ಊರಿನ ಯಾವ ಆಸ್ಪತ್ರೆಯಲ್ಲೇ ಆಗಲಿ, ‘ಈ ಬಾಟಲಿ ನನಗೆ ಸರಿ ಕಾಣುತ್ತಿಲ್ಲ, ಇಡೀ ಬಾಕ್ಸ್ ನಿಲ್ಲಿಸೋಣ’ ಎಂದು ಆಕೆ ಹೇಳಿದರೆ, ಮೇಲಿನವರು ‘ನಿನಗೇನು ಗೊತ್ತು’ ಎನ್ನುತ್ತಾರೋ, ‘ನಿಲ್ಲಿಸಿ, ನೋಡೋಣ’ ಎನ್ನುತ್ತಾರೋ? ನಮ್ಮ ಕ್ರಾಫರ್ಡ್ ಆಸ್ಪತ್ರೆಗೆ ನಿಮ್ಮ ಸೊಸೆಯನ್ನು ಸೇರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಎಷ್ಟು ಹಾಸಿಗೆ ಇವೆ ಎಂಬುದು ಆಮೇಲೆ.

ಕೆಳಗಿನವರೆಲ್ಲ ಮುತ್ತು ಎಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಸಹಿ ಹಾಕಿ ಹನ್ನೊಂದರ ಬಸ್ಸಿಗೆ ಹಾಸನಕ್ಕೆ ಹೋಗಿಬಿಡುವವರನ್ನು ನಾನೂ ನೋಡಿದ್ದೇನೆ, ಅವರ ಕೆಲಸವನ್ನು ಹೊತ್ತಿದ್ದೇನೆ. ಅಂಥ ನಾಲ್ವರ ಸಲುವಾಗಿ ಉಪಕೇಂದ್ರದ ನಲವತ್ತು ಜನ ಹೆಬ್ಬೆಟ್ಟು ಒತ್ತಲೆಂದು ಮುಖ್ಯ ಕೇಂದ್ರಕ್ಕೆ ಹೋಗಿ ಬರಬೇಕಾಯಿತು. ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತಿತ್ತು. ಲೆಕ್ಕ ಕೇಳಬಾರದೆಂದಲ್ಲ. ಬಿಜ್ಜಳನ ಭಂಡಾರದ ಕಥೆ ಇಲ್ಲಿರುವ ಮಕ್ಕಳಿಗೂ ಗೊತ್ತು. ಬಸವಣ್ಣ ಭಂಡಾರ ಬರಿದು ಮಾಡುತ್ತಿದ್ದಾನೆ ಎಂದು ಕೊಂಡೆಯರು ಹೇಳಿದರು, ದೊರೆ ಲೆಕ್ಕ ಕೇಳಿದ, ಭಂಡಾರ ತೆರೆದು ಎಲ್ಲರೆದುರು ಎಣಿಸಿದರು, ತುಂಬಿತ್ತು. ಪುರಾಣಗಳು ಅದನ್ನು ಪವಾಡವಾಗಿ ಹೇಳುತ್ತವೆ. ಕಚೇರಿಯಲ್ಲಿ ದುಡಿದ ನನಗೆ ಅದರಲ್ಲಿ ಹಿಡಿಸುವುದು ಬೇರೆ: ಚಾಡಿ ಕೇಳಿದ ಕೂಡಲೇ ಸಸ್ಪೆಂಡ್ ಮಾಡಲಿಲ್ಲ, ಎದುರಿಗೆ ಕರೆದು ಎಣಿಸಿದರು. ಎಣಿಸಿಕೊಳ್ಳಲು ಬಸವಣ್ಣನೂ ಬೇಡವೆನ್ನಲಿಲ್ಲ.

ಈಗ ನಮ್ಮ ಮನೆಗಳ ಮಾತು. ಇದನ್ನು ಹೇಳದೆ ಹೋದರೆ ಈ ಗೋಷ್ಠಿಗೆ ಬಂದದ್ದೇ ವ್ಯರ್ಥ.

ಆಶಾಗಳಲ್ಲಿ ಬಹಳ ಮಂದಿ ದಲಿತರ ಕೇರಿಯವರು. ಅವರು ನಮ್ಮ ಮನೆಗೆ ಹಸುಗೂಸು ತೂಗಲು ಬರುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮದೇ ಕೆಲವು ಮನೆಗಳಲ್ಲಿ ನಾನು ಕಣ್ಣಾರೆ ಕಂಡದ್ದು: ಆಶಾ ಜಗುಲಿಯಲ್ಲೇ ನಿಲ್ಲಬೇಕು. ತಕ್ಕಡಿಯನ್ನೂ ಜೋಳಿಗೆಯನ್ನೂ ಬಾಗಿಲಲ್ಲಿ ಇಸಿದುಕೊಂಡು ಅಜ್ಜಿ ಒಳಗೆ ಹೋಗುತ್ತಾರೆ. ಒಳಗಿನಿಂದ ‘ಎರಡೂವರೆ ಕೇಜಿ’ ಎಂಬ ಧ್ವನಿ ಬರುತ್ತದೆ. ಆಶಾ ಎರಡೂವರೆ ಎಂದು ಬರೆದುಕೊಂಡು ಹೋಗುತ್ತಾಳೆ. ಮಗುವಿನ ಮೈ ಹಳದಿಯಾಗಿದೆಯೇ, ಹೊಕ್ಕುಳು ಒಣಗಿದೆಯೇ, ಮೊಲೆ ಹಿಡಿಯುತ್ತಿದೆಯೇ, ಅವಳು ನೋಡಿಲ್ಲ. ರಿಜಿಸ್ಟರಿನಲ್ಲಿ ‘ಭೇಟಿ ಆಗಿದೆ’. ಇದನ್ನು ಅವಳು ಮೇಲಿನವರಿಗೆ ಹೇಳಿದರೆ, ಅಲ್ಲಿ ಕೂತವರೂ ಎಷ್ಟೋ ಸಲ ನಮ್ಮವರೇ, ‘ದೊಡ್ಡ ಮನೆಯವರ ವಿಷಯ, ಹೊಂದಿಕೊಂಡು ಹೋಗಮ್ಮ’ ಎನ್ನುತ್ತಾರೆ. ಅಲ್ಲಿಗೆ ಅವಳು ಎರಡು ಪಾಠ ಕಲಿತಳು: ಆ ಬಾಗಿಲು ದಾಟಬಾರದು, ದಾಟಿಲ್ಲ ಎಂದು ಬರೆಯಲೂಬಾರದು. ಫ್ರಿಡ್ಜ್ ಪುಸ್ತಕದ ನಾಲ್ಕು ಡಿಗ್ರಿಗೂ ಈ ಎರಡೂವರೆ ಕೇಜಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಒಂದನ್ನು ಅಧಿಕಾರಿಯ ಭಯ ಬರೆಸಿತು, ಇನ್ನೊಂದನ್ನು ನಮ್ಮ ಹೊಸ್ತಿಲು ಬರೆಸಿತು. ಯಾವ ಕಾಯಕದವರೂ ಸಮನಾಗಿ ಕೂತು ಪ್ರಶ್ನೆ ಕೇಳಬಹುದಾಗಿದ್ದ ಮಂಟಪದ ವಾರಸುದಾರರು ನಾವು. ಆರೋಗ್ಯ ಕೇಂದ್ರದ ಸಭೆಯಲ್ಲಿ ಎಲ್ಲರಿಗೂ ಕುರ್ಚಿ, ಆಶಾಗಳಿಗೆ ಜಮಖಾನೆ. ಕುರ್ಚಿ ಸಾಲದು ಎಂಬ ಉತ್ತರವನ್ನು ನಾನು ಬಹಳ ವರ್ಷ ಕೇಳಿದ್ದೇನೆ. ಮದುವೆ ಮನೆಗೆ ಶಾಮಿಯಾನದವರು ಐನೂರು ಕುರ್ಚಿ ತರುತ್ತಾರೆ.

ಇಲ್ಲಿ ತೋಟದ ಮಾಲೀಕರು ಬಹಳ ಮಂದಿ ಇದ್ದೀರಿ. ನಿಮ್ಮ ಲೈನ್ ಮನೆಗಳಿಗೆ ಕೊಯ್ಲಿನ ಹೊತ್ತಿಗೆ ಅಸ್ಸಾಂನಿಂದಲೂ ಉತ್ತರ ಕರ್ನಾಟಕದಿಂದಲೂ ಕೂಲಿಯವರು ಬರುತ್ತಾರೆ. ಅವರಲ್ಲಿ ಬಸುರಿಯರು ಎಷ್ಟು ಎಂದು ಆಶಾ ಬಂದು ಕೇಳಿದರೆ, ನಿಮ್ಮ ರೈಟರು, ಮೇಸ್ತ್ರಿ ‘ಯಾರೂ ಇಲ್ಲ’ ಎಂದು ಗೇಟಿನಿಂದಲೇ ಕಳಿಸುತ್ತಾರೆ. ಅವರನ್ನು ಬೈಯಬೇಡಿ; ಇಲ್ಲದ ತಂಟೆ ಯಾಕೆ ತಂದೆ ಎಂದು ನೀವು ಕೇಳುತ್ತೀರೆಂಬ ಅಂಜಿಕೆ ಅವರಿಗೆ. ಅಂದರೆ ನೀವೂ ಒಂದು ರೀತಿಯಲ್ಲಿ ಪರಿಶೀಲನಾ ಸಭೆಯ ಅಧಿಕಾರಿಯೇ. ಇದ್ದದ್ದನ್ನು ಇದ್ದಂತೆ ಹೇಳಿದರೆ ಗದರುವುದಿಲ್ಲ ಎಂದು ನೀವು ಒಂದು ಸಲ ರೈಟರಿಗೆ ಹೇಳಿದರೆ ಸಾಕು, ಲೈನ್ ಮನೆಯಲ್ಲಿ ಆಗುವ ಹೆರಿಗೆಗಳು ಆಸ್ಪತ್ರೆಗೆ ಹೋಗುತ್ತವೆ. ನಿಮ್ಮಲ್ಲಿ ಒಬ್ಬರು, ಹೆಸರು ಹೇಳಬೇಡಿ ಎಂದಿದ್ದಾರೆ, ನಾನು ಹೇಳಿದ ಆ ಕೇಂದ್ರದ ಜನರೇಟರಿಗೆ ಮೂರು ಮಳೆಗಾಲ ತಮ್ಮ ಎಸ್ಟೇಟಿನ ಡೀಸೆಲ್ ಕೊಟ್ಟರು. ರಸೀದಿಯನ್ನೂ ಬರೆಸಿಕೊಂಡರು. ಅದೂ ಸರಿಯೇ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಇದೆ. ಈ ಸಭೆಯಲ್ಲೂ ಅದರ ಸದಸ್ಯರು ಕೆಲವರು ಕಾಣುತ್ತಿದ್ದಾರೆ. ಸಮಿತಿಯ ಸಭೆ ಎಂದರೆ ಬಣ್ಣ ಹೊಡೆಸಿದ್ದು, ನಲ್ಲಿ ರಿಪೇರಿ, ಚಹಾ, ಸಹಿ. ಮುಂದಿನ ಸಭೆಯಲ್ಲಿ ಚಹಾಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿ: ‘ಡಾಕ್ಟರೇ, ಈ ತಿಂಗಳು ಆಗದೇ ಹೋದದ್ದು ಏನೇನು?’ ಏನೂ ಇಲ್ಲ ಎಂದರೆ ಆಶಾಗಳನ್ನು ಕರೆದು, ಕುರ್ಚಿ ಕೊಟ್ಟು, ಅದನ್ನೇ ಕೇಳಿ. ಅವರು ಹೇಳಿದ್ದನ್ನು ನೋಟಿಸ್ ಮಾಡಬೇಡಿ, ನಡಾವಳಿಯಲ್ಲಿ ಬರೆಸಿ. ಯಾರಿಂದ ಏನು ಬೇಕು, ಯಾವಾಗ ಬೇಕು ಎಂದು ಪಕ್ಕದಲ್ಲಿ ಬರೆಸಿ. ಆಲೂರು ಕಡೆಯ ಒಂದು ಸಮಿತಿಯವರು ಇದನ್ನು ಮಾಡಲು ಒಪ್ಪಿದ್ದಾರೆ. ಮೊದಲ ಎರಡು ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ನನ್ನ ಅನುಭವ ಅದು. ಮೂರನೆಯದಕ್ಕೆ ಬಿಡುತ್ತಾರೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

ಹಿಂದಿನ ಸಾಲಿನಲ್ಲಿ ನಮ್ಮ ಮೂವರು ಆಶಾ ಕಾರ್ಯಕರ್ತೆಯರು ಕೂತಿದ್ದಾರೆ. ಅವರಿಗೆ ಹೆತ್ತೂರಿನ ಕಡೆಯ ಬಸ್ಸು ಹಿಡಿಯಬೇಕು, ಆಮೇಲೆ ನಡೆಯುವ ದಾರಿ ಬೇರೆ ಇದೆ. ಅವರಿಗೆ ಮೊದಲ ಪಂಕ್ತಿಯಲ್ಲೇ ಪ್ರಸಾದ ಬಡಿಸಬೇಕೆಂದು ದಾಸೋಹದ ಹುಡುಗರಲ್ಲಿ ಕೇಳಿಕೊಳ್ಳುತ್ತೇನೆ. ಸಮಿತಿಯ ಸದಸ್ಯರು ಯಾರಾದರೂ ಅವರ ಜೊತೆಯ ಎಲೆಗೇ ಕೂತರೆ, ಕೇಳಬೇಕಾದ ಪ್ರಶ್ನೆಯನ್ನು ಅಲ್ಲೇ ಕೇಳಬಹುದು.